ಖಜಾನೆಯ ಕೈ ದಾಟದ ಖರ್ಚು

ಸರ್ಕಾರವೊಂದು ಹೊಸ ವಸತಿ ಯೋಜನೆ ತರುತ್ತದೆ ಎಂದಿಟ್ಟುಕೊಳ್ಳಿ. ಮನೆ ಸಾಲದ ಬಡ್ಡಿಯಲ್ಲಿ ಒಂದು ಪಾಲನ್ನು ಸರ್ಕಾರವೇ ಬ್ಯಾಂಕಿಗೆ ಕಟ್ಟುತ್ತದೆ. ವರ್ಷಕ್ಕೆ 2 ಲಕ್ಷ ಡಾಲರಿಗಿಂತ ಹೆಚ್ಚು ಆದಾಯವಿರುವ ದಂಪತಿಯಾದರೆ ಪ್ರತಿ 100 ಡಾಲರ್ ಬಡ್ಡಿಯಲ್ಲಿ 70 ಡಾಲರ್ ಸರ್ಕಾರದ್ದು. 10 ಸಾವಿರ ಡಾಲರ್ ಆದಾಯದ ದಂಪತಿಗೆ ಸಿಗುವುದು 19 ಡಾಲರ್. ತೆರಿಗೆ ಕಟ್ಟುವಷ್ಟೂ ಸಂಪಾದನೆಯಿಲ್ಲದ ಬಡ ದಂಪತಿಗೆ ಬಿಡಿಗಾಸೂ ಇಲ್ಲ. ಅವರು ನೂರಕ್ಕೆ ನೂರನ್ನೂ ತಾವೇ ಕಟ್ಟಿಕೊಳ್ಳಬೇಕು. ಇಂಥ ಮಸೂದೆಯನ್ನು ಯಾವ ಮಂತ್ರಿ ಸದನದಲ್ಲಿ ಮಂಡಿಸಿಯಾನು? ಮಂಡಿಸಿದರೂ ಯಾವ ಸದಸ್ಯ ಕೈಯೆತ್ತಿಯಾನು?

ಅಮೆರಿಕದಲ್ಲಿ ಈ ಯೋಜನೆ ಆಗಲೇ ಜಾರಿಯಲ್ಲಿತ್ತು. ಅದು ವಸತಿ ಇಲಾಖೆಯ ಕಡತದಲ್ಲಿ ಇರಲಿಲ್ಲ, ಅಷ್ಟೆ. ಆದಾಯ ತೆರಿಗೆ ಕಾನೂನಿನಲ್ಲಿ 'ಮನೆ ಸಾಲದ ಬಡ್ಡಿಗೆ ಕಡಿತ' ಎಂಬ ಒಂದು ಕಲಮಾಗಿ ತಣ್ಣಗೆ ಕೂತಿತ್ತು. ಆಗ ಗರಿಷ್ಠ ತೆರಿಗೆ ದರ ಶೇ 70 ಇದ್ದುದರಿಂದ ಅತಿ ಸಿರಿವಂತನಿಗೆ ಆ ಕಡಿತದ ಬೆಲೆ ನೂರಕ್ಕೆ 70 ಆಗುತ್ತಿತ್ತು. ತೆರಿಗೆಯ ಭಾಷೆಯಲ್ಲಿದ್ದ ಕಲಮನ್ನು ಖರ್ಚಿನ ಭಾಷೆಗೆ ತಿರುಗಿಸಿ ಹೀಗೆ ಓದಿ ತೋರಿಸಿದವರು ಒಬ್ಬ ಮೇಷ್ಟ್ರು. ಹಾರ್ವರ್ಡ್ ಕಾನೂನು ಶಾಲೆಯಲ್ಲಿ ತೆರಿಗೆ ಕಾನೂನು ಕಲಿಸುತ್ತಿದ್ದ ಸ್ಟ್ಯಾನ್ಲಿ ಸರ್ರೆ.

ತೆರಿಗೆ ಕಾನೂನಿನ ಪ್ರಾಧ್ಯಾಪಕ ಎಂದರೆ ನಮ್ಮ ಕಣ್ಣ ಮುಂದೆ ಯಾವ ಚಿತ್ರವೂ ಮೂಡುವುದಿಲ್ಲ. ಸಂವಿಧಾನ ಕಲಿಸುವವರಿಗೆ ಒಂದು ಗತ್ತು ಇದೆ, ಕ್ರಿಮಿನಲ್ ಕಾನೂನು ಕಲಿಸುವವರ ತರಗತಿಯಲ್ಲಿ ಕತೆಗಳಿವೆ. ತೆರಿಗೆ ಎಂದೊಡನೆ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಕಲಂ, ಉಪಕಲಂ, ಪರಂತು, ಆ ಪರಂತುವಿಗೊಂದು ವಿವರಣೆ. ಆದರೆ ಸರ್ಕಾರ ಯಾರಿಂದ ಎಷ್ಟು ಕೇಳುತ್ತದೆ, ಯಾರನ್ನು ಕೇಳದೆ ಬಿಡುತ್ತದೆ ಎಂಬುದು ಬರೆದಿರುವುದು ಆ ಪರಂತುಗಳಲ್ಲೇ. ಅವನ್ನು ಜೀವಮಾನವಿಡೀ ಓದಿದ ಒಬ್ಬ ಅಧ್ಯಾಪಕನ ವೃತ್ತಿಯನ್ನು ಹಿಂಬಾಲಿಸಿದರೆ, ಇಂದು ಎಷ್ಟೋ ದೇಶಗಳ ಬಜೆಟ್ ಪುಸ್ತಕಗಳಲ್ಲಿ ಇರುವ ಒಂದು ಪಟ್ಟಿಯ ಮೂಲಕ್ಕೆ ಹೋಗಿ ನಿಲ್ಲುತ್ತೇವೆ.

ಸರ್ರೆ ಹುಟ್ಟಿದ್ದು 1910ರಲ್ಲಿ, ನ್ಯೂಯಾರ್ಕಿನಲ್ಲಿ. ಸಿಟಿ ಕಾಲೇಜಿನಲ್ಲಿ ಓದಿ 1929ರಲ್ಲಿ ಪದವಿ ಪಡೆದರು. 1932ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಹಿಡಿದು ಹೊರಬರುವ ಹೊತ್ತಿಗೆ ದೇಶ ಮಹಾ ಆರ್ಥಿಕ ಕುಸಿತದ ನಡುವಿತ್ತು. ರೂಸ್‌ವೆಲ್ಟ್ ಸರ್ಕಾರ ಹೊಸ ಹೊಸ ಇಲಾಖೆಗಳನ್ನು ತೆರೆದು ತರುಣ ವಕೀಲರನ್ನು ವಾಷಿಂಗ್ಟನ್‌ಗೆ ಕರೆಸಿಕೊಳ್ಳುತ್ತಿದ್ದ ಕಾಲ ಅದು. ಸರ್ರೆಯೂ ಹೋದರು. ಕೈಗಾರಿಕೆ, ಕಾರ್ಮಿಕ ವ್ಯವಹಾರಗಳ ಸಂಸ್ಥೆಗಳಲ್ಲಿ ಕೆಲಕಾಲ ದುಡಿದು 1937ರಲ್ಲಿ ಖಜಾನೆ ಇಲಾಖೆ ಸೇರಿದರು. ನಡುವೆ ನೌಕಾಪಡೆಯ ಸೇವೆಗೆ ಹೋದದ್ದು ಬಿಟ್ಟರೆ ಅಲ್ಲಿದ್ದದ್ದು ಹತ್ತು ವರ್ಷ.

ಆ ಹತ್ತು ವರ್ಷದಲ್ಲಿ ಅಮೆರಿಕದ ಆದಾಯ ತೆರಿಗೆಯ ರೂಪವೇ ಬದಲಾಯಿತು. ಯುದ್ಧಕ್ಕೆ ಮೊದಲು ತೆರಿಗೆ ಕಟ್ಟುತ್ತಿದ್ದವರ ಸಂಖ್ಯೆ 40 ಲಕ್ಷದ ಆಸುಪಾಸು. ಯುದ್ಧ ಮುಗಿಯುವಷ್ಟರಲ್ಲಿ ಅದು 4 ಕೋಟಿ ದಾಟಿತ್ತು. ಸಂಬಳದಲ್ಲೇ ತೆರಿಗೆ ಹಿಡಿದುಕೊಳ್ಳುವ ಪದ್ಧತಿ 1943ರಲ್ಲಿ ಬಂತು. ಅಲ್ಲಿಯವರೆಗೆ ದೊಡ್ಡವರ ತಲೆನೋವಾಗಿದ್ದ ಆದಾಯ ತೆರಿಗೆ ಕಾರ್ಖಾನೆಯ ಕೂಲಿಕಾರನ ಪಗಾರದ ಚೀಟಿಗೂ ಬಂದು ಕೂತಿತು. ಕರಡು ಬರೆಯುವವರ ಸಾಲಿನಲ್ಲಿ ಕೂತು ಸರ್ರೆ ಇದನ್ನೆಲ್ಲ ಹತ್ತಿರದಿಂದ ಕಂಡರು. ಎಲ್ಲರೂ ತೆರಿಗೆ ಕಟ್ಟುವ ದೇಶದಲ್ಲಿ ಕೆಲವರಿಗಷ್ಟೇ ಸಿಗುವ ವಿನಾಯಿತಿಗೆ ಬೇರೆಯೇ ಅರ್ಥ ಬರುತ್ತದೆ.

1947ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 1949ರಲ್ಲಿ ಯುದ್ಧದಿಂದ ಜರ್ಜರಿತವಾಗಿದ್ದ ಜಪಾನಿನ ತೆರಿಗೆ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಲು ಅರ್ಥಶಾಸ್ತ್ರಜ್ಞ ಕಾರ್ಲ್ ಶೂಪ್ ನೇತೃತ್ವದಲ್ಲಿ ತಂಡವೊಂದು ಹೋಯಿತು. ಸರ್ರೆ ಅದರ ಸದಸ್ಯರಲ್ಲೊಬ್ಬರು. 1950ರಲ್ಲಿ ಹಾರ್ವರ್ಡ್ ಸೇರಿದರು. ಅಲ್ಲಿ ಡೀನ್ ಆಗಿದ್ದ ಅರ್ವಿನ್ ಗ್ರಿಸ್‌ವೋಲ್ಡ್ ಕೂಡ ಮೂಲತಃ ತೆರಿಗೆ ಮೇಷ್ಟ್ರೇ. ಜಪಾನಿಗೆ ಜೊತೆಯಾಗಿ ಹೋಗಿದ್ದ ಕೊಲಂಬಿಯಾದ ವಿಲಿಯಂ ವಾರೆನ್ ಅವರೊಂದಿಗೆ ಸೇರಿ ಸರ್ರೆ ಬರೆದ ಪಠ್ಯಪುಸ್ತಕ ತಲೆಮಾರುಗಳ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡಿತು.

ಆ ತರಗತಿಗಳಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಒಂದು ಮೊಕದ್ದಮೆ ನೋಡಬಹುದು. ಅಮೆರಿಕದ ತೆರಿಗೆ ತರಗತಿಗಳಲ್ಲಿ ಇಂದಿಗೂ ಓದಿಸುವ, 1929ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ ಅದು. ಅಮೆರಿಕನ್ ವುಲನ್ ಎಂಬ ಉಣ್ಣೆ ಬಟ್ಟೆ ಕಂಪನಿಯ ಅಧ್ಯಕ್ಷ ವಿಲಿಯಂ ವುಡ್. ಆತನ ಆದಾಯ ತೆರಿಗೆಯನ್ನು ಕಂಪನಿಯೇ ಕಟ್ಟುವುದೆಂದು ಆಡಳಿತ ಮಂಡಳಿ ನಿರ್ಣಯ ಮಾಡಿತು. 1918ರ ಆದಾಯದ ಮೇಲಿನ ತೆರಿಗೆಯೇ 6 ಲಕ್ಷ 81 ಸಾವಿರ ಡಾಲರಿಗೂ ಮೇಲೆ. ಕಂಪನಿ ಅದನ್ನು ನೇರವಾಗಿ ಸರ್ಕಾರಕ್ಕೆ ಕಟ್ಟಿತು. ವುಡ್ ಆ ದುಡ್ಡನ್ನು ಕಣ್ಣಲ್ಲೂ ನೋಡಲಿಲ್ಲ, ಕೈಯಲ್ಲೂ ಮುಟ್ಟಲಿಲ್ಲ. ಹಾಗಿದ್ದರೆ ಅದು ಆತನ ಆದಾಯವೇ? ಹೌದು ಎಂದಿತು ನ್ಯಾಯಾಲಯ. ನೀನು ಕಟ್ಟಬೇಕಾದ ಬಾಕಿಯನ್ನು ಇನ್ನೊಬ್ಬ ಕಟ್ಟಿದನೆಂದರೆ ಅಷ್ಟು ದುಡ್ಡು ನಿನಗೆ ಬಂದಂತೆಯೇ.

ಮೊದಲ ವಾರಗಳಲ್ಲೇ ವಿದ್ಯಾರ್ಥಿಗೆ ಸಿಗುವ ಪಾಠ ಇದು: ದುಡ್ಡು ಕೈಗೆ ಬಂತೇ ಎಂದು ನೋಡಬೇಡ, ಲಾಭ ಯಾರಿಗಾಯಿತು ನೋಡು. ಸರ್ರೆಯ ಇಡೀ ವೃತ್ತಿಯನ್ನು ಈ ಪಾಠದ ಇನ್ನೊಂದು ಮಗ್ಗುಲು ಎಂದು ಓದಬಹುದು. ಕೈಗೆ ಬಾರದ ದುಡ್ಡೂ ಪ್ರಜೆಯ ಆದಾಯವಾಗುವುದಾದರೆ, ಖಜಾನೆಯ ಕೈ ದಾಟಿ ಹೋಗದ ದುಡ್ಡೂ ಸರ್ಕಾರದ ಖರ್ಚಾಗಬೇಕು. ತೆರಿಗೆದಾರನಿಗೆ ಕೇಳುವ ಪ್ರಶ್ನೆಯನ್ನು ಅವರು ಸರ್ಕಾರಕ್ಕೇ ಕೇಳಿದರು.

ಆ ಪ್ರಶ್ನೆ ಅವರಲ್ಲಿ ಬಲಿತದ್ದು ಮೆಲ್ಲಗೆ. 1957ರಲ್ಲಿ ಹಾರ್ವರ್ಡ್ ಲಾ ರಿವ್ಯೂನಲ್ಲಿ ಅವರದೊಂದು ದೀರ್ಘ ಲೇಖನ ಬಂತು. ವಿಶೇಷ ವಿನಾಯಿತಿಗಳು ಕಾನೂನಿನೊಳಗೆ ಹೇಗೆ ನುಸುಳುತ್ತವೆ, ಲಾಬಿ ಮಾಡುವವರು ಯಾವ ಬಾಗಿಲು ತಟ್ಟುತ್ತಾರೆ, ಒಳ್ಳೆಯ ಸಂಸದನೂ ಏಕೆ ಒಪ್ಪಿಬಿಡುತ್ತಾನೆ ಎಂಬುದೇ ಅದರ ವಿಷಯ. ಬೈಗುಳವಿಲ್ಲದ, ವೈದ್ಯ ರೋಗಿಯನ್ನು ನೋಡುವಂಥ ಬರವಣಿಗೆ. ಆ ಕಾಲದಲ್ಲಿ ಇಂಥ ವಿನಾಯಿತಿಗಳಿಗೆ ಕೊರತೆಯಿರಲಿಲ್ಲ. ಒಂದು ಪ್ರಸಿದ್ಧ ಉದಾಹರಣೆ 1951ರದು. ಕೆಲಸ ಬಿಡುವಾಗ ಸಿಗುವ ದೊಡ್ಡ ಮೊತ್ತಕ್ಕೆ ಕಡಿಮೆ ದರದ ತೆರಿಗೆ ಎಂದು ಕಲಂ ಒಂದು ಸೇರಿಕೊಂಡಿತು. ಅದರಲ್ಲಿ ಯಾರ ಹೆಸರೂ ಇಲ್ಲ. ಆದರೆ 20 ವರ್ಷಕ್ಕಿಂತ ಹೆಚ್ಚು ಸೇವೆ ಆಗಿರಬೇಕು, ಕಂಪನಿಯ ಮುಂದಿನ ಲಾಭದಲ್ಲಿ ಪಾಲಿನ ಹಕ್ಕಿರಬೇಕು, ಆ ಹಕ್ಕಿಗೆ ಇಷ್ಟು ವರ್ಷವಾಗಿರಬೇಕು ಎಂದು ಷರತ್ತುಗಳನ್ನು ಎಷ್ಟು ಅಳತೆ ಹಿಡಿದು ಹೊಲಿದಿದ್ದರೆಂದರೆ ಹಾಲಿವುಡ್ ದಿಗ್ಗಜ ಲೂಯಿ ಬಿ. ಮೇಯರ್ ಮೈಗೆ ಅದು ಸರಿಯಾಗಿ ಕೂರುತ್ತಿತ್ತು. ಮೇಯರ್‌ಗೆ ಚೆಕ್ ಬರೆದುಕೊಡಿ ಎಂದು ಒಬ್ಬ ಸದಸ್ಯ ಎದ್ದು ನಿಂತು ಕೇಳಿದ್ದರೆ ಸದನ ನಗುತ್ತಿತ್ತು. ತೆರಿಗೆ ಕಲಂ ಆಗಿ ಬಂದಾಗ ಯಾರೂ ತಲೆಯೆತ್ತಲಿಲ್ಲ.

1961ರಲ್ಲಿ ಕೆನಡಿ ಅಧ್ಯಕ್ಷರಾದಾಗ ಸರ್ರೆ ಖಜಾನೆ ಇಲಾಖೆಯಲ್ಲಿ ತೆರಿಗೆ ನೀತಿಯ ಸಹಾಯಕ ಕಾರ್ಯದರ್ಶಿಯಾದರು. ನೇಮಕವನ್ನು ಒಪ್ಪಬೇಕಾದ ಸೆನೆಟ್ ಸಮಿತಿಯಲ್ಲಿ ಅವರಿಗೆ ಕಠಿಣ ಪ್ರಶ್ನೆಗಳು ಎದುರಾದವು. ಅದರಲ್ಲಿ ಅಚ್ಚರಿಯಿಲ್ಲ. ತೈಲ ಬಾವಿಯ ಮಾಲೀಕರಿಗೆ 1926ರಿಂದಲೂ ಒಂದು ದೊಡ್ಡ ಅನುಕೂಲವಿತ್ತು: ಬಾವಿಗೆ ಹಾಕಿದ ಅಸಲು ಎಂದೋ ವಾಪಸ್ ಬಂದಿದ್ದರೂ, ಆದಾಯದ ಶೇ 27.5ರಷ್ಟನ್ನು 'ಬರಿದಾಗುವಿಕೆ' ಲೆಕ್ಕದಲ್ಲಿ ವರ್ಷ ವರ್ಷವೂ ಕಳೆದುಕೊಳ್ಳಬಹುದಿತ್ತು. ಅದೇ ಸಮಿತಿಯಲ್ಲಿ ಕೂತಿದ್ದ ಒಕ್ಲಹೋಮಾದ ಸೆನೆಟರ್ ರಾಬರ್ಟ್ ಕೆರ್ ಸ್ವತಃ ತೈಲೋದ್ಯಮಿ.

ಮೇಷ್ಟ್ರು ಗೆದ್ದದ್ದು ಎಷ್ಟು? ಕಡಿಮೆ ಎಂದೇ ಹೇಳಬೇಕು. ಅಮೆರಿಕದ ಕಂಪನಿಗಳು ತೆರಿಗೆಯಿಲ್ಲದ ದೇಶಗಳಲ್ಲಿ ಅಂಗಸಂಸ್ಥೆ ತೆರೆದು ಲಾಭ ಬಚ್ಚಿಡುವುದಕ್ಕೆ 1962ರ ಕಾನೂನು ಸ್ವಲ್ಪ ಮಟ್ಟಿಗೆ ತಡೆ ಹಾಕಿತು. ಅದರ ಹಿಂದೆ ಸರ್ರೆಯ ದುಡಿಮೆಯಿತ್ತು. ಬ್ಯಾಂಕ್ ಬಡ್ಡಿ, ಡಿವಿಡೆಂಡುಗಳಲ್ಲೂ ಸಂಬಳದಂತೆ ಮೊದಲೇ ತೆರಿಗೆ ಹಿಡಿಯಬೇಕು ಎಂಬ ಪ್ರಸ್ತಾಪ ಸಂಸದರಿಗೆ ಬಂದ ಪತ್ರಗಳ ಮಹಾಪೂರದಲ್ಲಿ ಕೊಚ್ಚಿಹೋಯಿತು. 1964ರ ಕಾನೂನು ಗರಿಷ್ಠ ದರವನ್ನು ಶೇ 91ರಿಂದ 70ಕ್ಕೆ ಇಳಿಸಿತು, ಆದರೆ ಜೊತೆಗೆ ಬರಬೇಕಿದ್ದ ಸುಧಾರಣೆಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಉದುರಿದವು. ಇನ್ನೂ ಒಂದನ್ನು ಮರೆಯಬಾರದು. ಹೊಸ ಯಂತ್ರ ಕೊಂಡ ಉದ್ಯಮಗಳಿಗೆ ಶೇ 7ರ ತೆರಿಗೆ ರಿಯಾಯಿತಿ ಕೊಟ್ಟದ್ದೂ ಅದೇ 1962ರ ಕಾನೂನು, ಅದೇ ಸರ್ಕಾರ. ಯಾವುದನ್ನು ಸರ್ರೆ ಮುಂದೆ ಕಟುವಾಗಿ ಪ್ರಶ್ನಿಸಿದರೋ ಅಂಥದೇ ಒಂದು ರಿಯಾಯಿತಿ ಅವರಿದ್ದ ಇಲಾಖೆಯಿಂದಲೇ ಹೊರಟಿತ್ತು. ತರಗತಿಯಲ್ಲಿ ಕೂತು ಇದು ತಪ್ಪು ಎನ್ನುವುದು ಸುಲಭ. ಇಲಾಖೆಯಲ್ಲಿ ಕೂತಾಗ ಇಂಥ ರಿಯಾಯಿತಿ ಎಷ್ಟು ಹಗುರಾಗಿ ಪಾಸಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆ ಎಂಟು ವರ್ಷ ಅವರಿಗೆ ಕಲಿಸಿದ್ದು ಇದನ್ನೇ ಇರಬೇಕು.

1967ರ ಹೊತ್ತಿಗೆ ವಿಯೆಟ್ನಾಂ ಯುದ್ಧದ ಖರ್ಚು ಏರುತ್ತಿತ್ತು. ಅಧ್ಯಕ್ಷ ಜಾನ್ಸನ್‌ಗೆ ಆದಾಯ ತೆರಿಗೆಯ ಮೇಲೆ ಶೇ 10ರ ಸರ್ಚಾರ್ಜ್ ಬೇಕಿತ್ತು. ಸಂಸತ್ತಿನ ತೆರಿಗೆ ಸಮಿತಿಯ ಪ್ರಬಲ ಅಧ್ಯಕ್ಷ ವಿಲ್ಬರ್ ಮಿಲ್ಸ್, ಮೊದಲು ಖರ್ಚು ಕಡಿಮೆ ಮಾಡಿ ಎಂದು ಪಟ್ಟು ಹಿಡಿದಿದ್ದರು. ಎಲ್ಲರೂ ಬಜೆಟ್ ಪುಸ್ತಕ ಹಿಡಿದು ಎಲ್ಲಿ ಕತ್ತರಿಸೋಣ ಎಂದು ಹುಡುಕುತ್ತಿದ್ದಾಗ, ನವೆಂಬರ್ 15ರಂದು ನ್ಯೂಯಾರ್ಕಿನಲ್ಲಿ ಹಣಕಾಸು ವಲಯದವರ ಸಭೆಯೊಂದರಲ್ಲಿ ಸರ್ರೆ ಮಾತನಾಡಿದರು. ಬಜೆಟ್ಟಿನಲ್ಲಿ ಕಾಣುವ ಖರ್ಚಿನ ಪಕ್ಕದಲ್ಲೇ ಕಾಣದ ಇನ್ನೊಂದು ಖರ್ಚಿದೆ, ಅದು ತೆರಿಗೆ ಕಾನೂನಿನೊಳಗೆ ಅಡಗಿದೆ, ಅದನ್ನೂ ಪೂರ್ತಿ ಲೆಕ್ಕಕ್ಕೆ ತನ್ನಿ ಎಂಬುದು ಅವರ ಮಾತಿನ ತಿರುಳು. ಅದಕ್ಕೆ ಅವರು ಕೊಟ್ಟ ಹೆಸರು 'ತೆರಿಗೆ ವೆಚ್ಚ'.

ಎರಡೇ ಪದ. ಆದರೆ 'ವಿನಾಯಿತಿ' ಎಂದಾಗ ಕೇಳಿಸುವುದು ಸರ್ಕಾರದ ಔದಾರ್ಯ, 'ವೆಚ್ಚ' ಎಂದ ಕೂಡಲೇ ಪ್ರಶ್ನೆಗಳು ಏಳುತ್ತವೆ. ಎಷ್ಟು? ಯಾರಿಗೆ? ಏತಕ್ಕೆ? ಇದೇ ದುಡ್ಡನ್ನು ನೇರವಾಗಿ ಕೊಟ್ಟಿದ್ದರೆ ಹೀಗೆಯೇ ಕೊಡುತ್ತಿದ್ದೆವೇ? ಪ್ರತಿವರ್ಷ ಮತ ಕೇಳುವ ಅನುದಾನಕ್ಕೆ ಇರುವ ಕಾವಲು, ಒಮ್ಮೆ ಪಾಸಾಗಿ ಹೋದರೆ ಮತ್ತೆ ಯಾರೂ ತಿರುಗಿ ನೋಡದ ಕಲಮಿಗೆ ಏಕಿಲ್ಲ? ಮರುವರ್ಷವೇ ಖಜಾನೆ ಇಲಾಖೆಯ ವಾರ್ಷಿಕ ವರದಿಯಲ್ಲಿ ಇಂಥ ವೆಚ್ಚಗಳ ಮೊದಲ ಪಟ್ಟಿ ಅಚ್ಚಾಯಿತು. ತೈಲ ಬಾವಿ, ಮನೆ ಸಾಲ, ದಾನ ಧರ್ಮ, ಎಲ್ಲಕ್ಕೂ ಎದುರಿಗೆ ಒಂದೊಂದು ಮೊತ್ತ. ಅದೇ 1967ರಲ್ಲಿ ಪಶ್ಚಿಮ ಜರ್ಮನಿಯ ಹೊಸ ಕಾನೂನೂ ತೆರಿಗೆ ರಿಯಾಯಿತಿಗಳನ್ನು ಸಬ್ಸಿಡಿಗಳ ವರದಿಯಲ್ಲಿ ತೋರಿಸಬೇಕೆಂದು ವಿಧಿಸಿತ್ತು. ಹಾಗಾಗಿ ಈ ಯೋಚನೆ ಒಬ್ಬರದೇ ಸ್ವತ್ತಲ್ಲ. ಹೆಸರು ಮಾತ್ರ ಸರ್ರೆಯದು, ಲೋಕದಲ್ಲಿ ಓಡಿದ್ದೂ ಆ ಹೆಸರೇ.

1969ರ ಜನವರಿಯಲ್ಲಿ, ಸರ್ಕಾರ ಬದಲಾಗುವ ಮೂರು ದಿನ ಮೊದಲು, ಖಜಾನೆ ಕಾರ್ಯದರ್ಶಿ ಜೋಸೆಫ್ ಬಾರ್ ಸಂಸದೀಯ ಸಮಿತಿಯ ಮುಂದೆ ಒಂದು ಅಂಕಿ ಹೇಳಿದರು. ವರ್ಷಕ್ಕೆ 2 ಲಕ್ಷ ಡಾಲರಿಗೂ ಹೆಚ್ಚು ಆದಾಯವಿದ್ದ 155 ಮಂದಿ ಒಂದೇ ಒಂದು ಸೆಂಟ್ ಆದಾಯ ತೆರಿಗೆಯನ್ನೂ ಕಟ್ಟಿರಲಿಲ್ಲ; ಅವರಲ್ಲಿ 21 ಜನರ ಆದಾಯ 10 ಲಕ್ಷ ಡಾಲರಿಗೂ ಮೇಲೆ. ಅವರು ಕಾನೂನು ಮುರಿದಿರಲಿಲ್ಲ. ಕಾನೂನನ್ನು ಪಾಲಿಸಿಯೇ ಸೊನ್ನೆಗೆ ಬಂದು ನಿಂತಿದ್ದರು. ಜನ ಕೆರಳಿದರು. ಆ ವರ್ಷದ ಕೊನೆಗೆ ಬಂದ ತೆರಿಗೆ ಸುಧಾರಣಾ ಕಾಯ್ದೆ ತೈಲದ ಶೇ 27.5ನ್ನು 22ಕ್ಕೆ ಇಳಿಸಿತು, ಸಿರಿವಂತರಿಗೆ ಕನಿಷ್ಠ ತೆರಿಗೆಯನ್ನೂ ತಂದಿತು. ಅಷ್ಟರಲ್ಲಿ ಸರ್ರೆ ಹಾರ್ವರ್ಡ್‌ಗೆ ಮರಳಿದ್ದರು. ಅಧಿಕಾರದಲ್ಲಿದ್ದಾಗ ಕಾಯುತ್ತಿದ್ದದ್ದು ಅಧಿಕಾರ ಬಿಟ್ಟ ಮೇಲೆ ಅರೆಬರೆಯಾಗಿ ಬಂತು.

ವಿದ್ವಾಂಸರ ಲೋಕ ಇದನ್ನೆಲ್ಲ ತಲೆಬಾಗಿ ಒಪ್ಪಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಬೋರಿಸ್ ಬಿಟ್ಕರ್, ಅವರೂ ತೆರಿಗೆ ಕಾನೂನಿನ ದೊಡ್ಡ ಪ್ರಾಧ್ಯಾಪಕರೇ, 1969ರಲ್ಲೇ ಎದುರು ನಿಂತರು. ಯಾವುದು ವಿನಾಯಿತಿ ಎಂದು ಗುರುತಿಸಬೇಕಾದರೆ ವಿನಾಯಿತಿಯಿಲ್ಲದ 'ಸಹಜ' ತೆರಿಗೆ ಯಾವುದೆಂದು ಮೊದಲು ಗೊತ್ತಿರಬೇಕಲ್ಲ? ಆ ಸಹಜದ ಬಗ್ಗೆ ಒಮ್ಮತ ಎಲ್ಲಿದೆ? ಮಕ್ಕಳಿರುವವನಿಗೆ ಕೊಡುವ ಕಡಿತ ಸಬ್ಸಿಡಿಯೋ, ಅವನ ತೆರಿಗೆ ಶಕ್ತಿಯನ್ನು ಅಳೆಯುವ ಸರಿಯಾದ ಮಾಪನವೋ? ಬೇರೆ ಟೀಕಾಕಾರರು ಇನ್ನೂ ಮುಂದೆ ಹೋದರು: ವಸೂಲಿ ಮಾಡದ ತೆರಿಗೆಯನ್ನು ಖರ್ಚು ಎನ್ನುವುದೆಂದರೆ ಜನರ ಸಂಪಾದನೆಯೆಲ್ಲ ಮೂಲತಃ ಸರ್ಕಾರದ್ದು ಎಂದಂತಲ್ಲವೇ?

ಬಿಟ್ಕರ್ ಪ್ರಶ್ನೆ ತೂಕದ್ದು. ನಮ್ಮ ನೆಲದ ಉದಾಹರಣೆಯಲ್ಲೇ ಅದನ್ನು ನೋಡಬಹುದು. ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಹಣ್ಣು ಒಣಗಿಸಿ ಮಾರಿದ ಆದಾಯಕ್ಕೆ ಕೇಂದ್ರ ಆದಾಯ ತೆರಿಗೆ ಹಾಕುವುದಿಲ್ಲ. ಇದು ಕೇಂದ್ರ ಬಿಟ್ಟುಕೊಟ್ಟ ದುಡ್ಡೇ? ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿರುವಾಗ ಅದು ಕೇಂದ್ರದ ಕೈಗೆಟುಕದ ದುಡ್ಡು, ಕೊಟ್ಟ ಸಬ್ಸಿಡಿಯಲ್ಲ ಎಂದೂ ವಾದಿಸಬಹುದು. ಇಂಥ ಗಡಿಯಂಚಿನ ಪ್ರಶ್ನೆಗಳು ಎಲ್ಲ ದೇಶಗಳಲ್ಲೂ ಇವೆ. ಆದರೆ ಗಡಿ ಮಸುಕಾಗಿದೆ ಎಂದ ಮಾತ್ರಕ್ಕೆ ಊರೇ ಇಲ್ಲ ಎನ್ನಲಾಗದು. ತೈಲ ಬಾವಿಯ ಶೇ 27.5 ಯಾವ ಮಾಪನದಲ್ಲೂ ಸಹಜವಾಗಿರಲಿಲ್ಲ. ಅಮೆರಿಕದ ಸಂಸತ್ತು 1974ರ ಬಜೆಟ್ ಕಾಯ್ದೆಯಲ್ಲಿ ತೆರಿಗೆ ವೆಚ್ಚದ ವ್ಯಾಖ್ಯೆ ಬರೆದು, ಪ್ರತಿವರ್ಷ ಅದರ ಪಟ್ಟಿ ಕೊಡುವುದನ್ನು ಕಡ್ಡಾಯ ಮಾಡಿತು.

ಭಾರತದ ಬಜೆಟ್ ದಾಖಲೆಗಳಲ್ಲಿ ಈ ಲೆಕ್ಕ ಕಾಣಿಸಿಕೊಂಡದ್ದು 2006-07ರಿಂದ, 'ಬಿಟ್ಟುಕೊಟ್ಟ ವರಮಾನ'ದ ಹೇಳಿಕೆಯಾಗಿ. ಮುಂದೆ ಶೀರ್ಷಿಕೆ ಬದಲಾಗಿ 'ತೆರಿಗೆ ಪ್ರೋತ್ಸಾಹಕಗಳಿಂದ ವರಮಾನದ ಮೇಲಾಗುವ ಪರಿಣಾಮ' ಎಂಬ ಮೆದು ಮಾತು ಬಂತು. ಆ ಪಟ್ಟಿ ಆರಂಭವಾದಾಗ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ತೆರಿಗೆ ರಜೆಯಲ್ಲಿತ್ತು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳಲ್ಲಿ ನೋಂದಾಯಿಸಿದ ಘಟಕಗಳ ರಫ್ತು ಲಾಭಕ್ಕೆ ಆದಾಯ ತೆರಿಗೆ ಕಾಯ್ದೆಯ 10ಎ ಮತ್ತು 10ಬಿ ಕಲಮುಗಳು ಕೊಟ್ಟಿದ್ದ ಆ ರಜೆ ಮುಗಿದದ್ದು 2011ರ ಮಾರ್ಚಿನಲ್ಲಿ. ಆ ಪ್ರೋತ್ಸಾಹದಿಂದ ನಗರ ಬೆಳೆಯಿತು, ಲಕ್ಷಾಂತರ ಜನರಿಗೆ ಕೆಲಸ ಸಿಕ್ಕಿತು ಎಂದು ಹೇಳುವವರಿದ್ದಾರೆ. ರಜೆಯಿಲ್ಲದಿದ್ದರೂ ಉದ್ಯಮ ಬೆಳೆಯುತ್ತಿತ್ತು ಎನ್ನುವವರೂ ಇದ್ದಾರೆ. ವಾದ ಮಾಡುವುದಕ್ಕಾದರೂ ಮೊದಲು ಅಂಕಿ ಬೇಕು. ಸರ್ರೆ ಕೇಳಿದ್ದು ಅಷ್ಟನ್ನೇ.

ಇನ್ನೂ ಹತ್ತಿರದ ಲೆಕ್ಕ ಒಂದಿದೆ. ಜನವರಿ, ಫೆಬ್ರುವರಿ ಬಂತೆಂದರೆ ಆಫೀಸುಗಳ ಅಕೌಂಟ್ಸ್ ಸೆಕ್ಷನ್ನಿನ ಮುಂದೆ ಎಲ್‌ಐಸಿ ರಸೀದಿ, ಮಕ್ಕಳ ಸ್ಕೂಲ್ ಫೀ ರಸೀದಿ, ಪಿಪಿಎಫ್ ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ನಿಲ್ಲುವುದು ನಮಗೆಲ್ಲ ಗೊತ್ತಿರುವ ದೃಶ್ಯ. 1961ರ ಕಾಯ್ದೆಯ 80ಸಿ ಕಲಮಿನಲ್ಲಿ ಒಂದೂವರೆ ಲಕ್ಷದವರೆಗಿನ ಉಳಿತಾಯಕ್ಕೆ ಕಡಿತವಿತ್ತು. ಹಳೆಯ ಪದ್ಧತಿಯ ದರಗಳಲ್ಲಿ, ಸೆಸ್ ಬಿಟ್ಟು ಲೆಕ್ಕ ಹಾಕಿ. ಶೇ 30ರ ಸ್ಲ್ಯಾಬಿನಲ್ಲಿದ್ದ ಮ್ಯಾನೇಜರ್ ಒಂದೂವರೆ ಲಕ್ಷ ಉಳಿಸಿದರೆ ಅವರಿಗೆ ಉಳಿಯುವ ತೆರಿಗೆ 45 ಸಾವಿರ. ಶೇ 20ರಲ್ಲಿದ್ದ ಗುಮಾಸ್ತೆ ಅಷ್ಟನ್ನೇ ಉಳಿಸಿದರೆ 30 ಸಾವಿರ. ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಣ್ಣುಮಗಳ ಸಂಬಳದಲ್ಲೂ ತಿಂಗಳು ತಿಂಗಳು ಪಿಎಫ್ ಮುರಿಯುತ್ತದೆ. ಅದೂ ಉಳಿತಾಯವೇ, ಅದೇ ಕಲಮಿಗೆ ಸೇರಿದ್ದೇ. ಆದರೆ ತೆರಿಗೆ ಬೀಳುವಷ್ಟು ಸಂಬಳ ಅವಳಿಗಿಲ್ಲ. ಅವಳಿಗೆ ಸಿಕ್ಕದ್ದು ಸೊನ್ನೆ. ಇದನ್ನೇ ಸರ್ರೆ ತಲೆಕೆಳಗಾದ ಸಬ್ಸಿಡಿ ಎಂದು ಕರೆದದ್ದು: ಹೆಚ್ಚು ಇರುವವನಿಗೆ ಹೆಚ್ಚು, ಇಲ್ಲದವಳಿಗೆ ಏನೂ ಇಲ್ಲ.

ಭಾರತದ ತೆರಿಗೆಯನ್ನು ಹಾರ್ವರ್ಡ್ ದೂರದಿಂದ ಗಮನಿಸುತ್ತಲೂ ಇತ್ತು. 1950ರ ದಶಕದಲ್ಲಿ ಸರ್ರೆ ಅಲ್ಲಿ ಕಟ್ಟಿ ಬೆಳೆಸಿದ ಅಂತರರಾಷ್ಟ್ರೀಯ ತೆರಿಗೆ ಕಾರ್ಯಕ್ರಮ, ಹೊಸದಾಗಿ ಸ್ವತಂತ್ರವಾದ ಹಾಗೂ ಅಭಿವೃದ್ಧಿಶೀಲ ದೇಶಗಳ ತೆರಿಗೆ ಅಧಿಕಾರಿಗಳನ್ನು ಕರೆಸಿ ಓದಿಸುತ್ತಿತ್ತು. ದೇಶಕ್ಕೊಂದರಂತೆ ತೆರಿಗೆ ವ್ಯವಸ್ಥೆಯ ಗ್ರಂಥಗಳನ್ನೂ ಹೊರತರುತ್ತಿತ್ತು. ಭಾರತದ ಸಂಪುಟ ಬಂದದ್ದು 1960ರಲ್ಲಿ. ಬಡ ದೇಶದಲ್ಲಿ ಹುಟ್ಟಿದ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಶ್ರೀಮಂತ ದೇಶಕ್ಕೇ ಹೋಗಬಾರದು ಎಂಬ ಚರ್ಚೆಯನ್ನು ವಿಶ್ವಸಂಸ್ಥೆ ಕೈಗೆತ್ತಿಕೊಂಡಾಗಲೂ ಸರ್ರೆ ಆ ಕೆಲಸದಲ್ಲಿದ್ದರು. ಅದರ ಫಲವಾದ ಮಾದರಿ ಒಪ್ಪಂದ 1980ರಲ್ಲಿ ಹೊರಬಂತು.

ಹಾರ್ವರ್ಡ್‌ಗೆ ಮರಳಿದ ಮೇಲಿನ ಹನ್ನೆರಡು ವರ್ಷ ಅವರು ತಮ್ಮ ಎರಡು ಪದಗಳನ್ನೇ ತಿದ್ದಿ ತೀಡಿ, ವಾದಕ್ಕೆ ಒಡ್ಡಿ ಗಟ್ಟಿಗೊಳಿಸಿದರು. 1973ರಲ್ಲಿ ತೆರಿಗೆ ಸುಧಾರಣೆಯ ಪುಸ್ತಕ ಬಂತು. 1981ರಲ್ಲಿ ನಿವೃತ್ತಿ. ಪಾಲ್ ಮೆಕ್‌ಡೇನಿಯಲ್ ಅವರೊಂದಿಗೆ ಬರೆದ, ತೆರಿಗೆ ವೆಚ್ಚ ಎಂಬ ಪದವೇ ಶೀರ್ಷಿಕೆಯಾದ ಪುಸ್ತಕ 1985ರಲ್ಲಿ ಅಚ್ಚಾಯಿತು. ಸರ್ರೆ 1984ರ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು. ಅವರು ಬರೆದಿಟ್ಟ ನೆನಪುಗಳು ದಶಕಗಳ ಕಾಲ ಹಸ್ತಪ್ರತಿಯಾಗಿಯೇ ಉಳಿದು, 2022ರಲ್ಲಿ ಪುಸ್ತಕವಾದವು. ಸಂಪಾದಿಸಿದವರು ಲಾರೆನ್ಸ್ ಝೆಲೆನಾಕ್ ಮತ್ತು ಅಜಯ್ ಮೆಹ್ರೋತ್ರಾ. ಇಬ್ಬರೂ ತೆರಿಗೆ ಕಾನೂನಿನ ಮೇಷ್ಟ್ರುಗಳೇ.